ಹಿಟ್ಟು ಹಾಕಿ ಒರೆಸುವುದು

ಅಲ್ಯೂಮಿನಿಯಂ ಮೈಗೆ ಪಾಲಿಶ್ ಸವರಿ ತಿಕ್ಕಿದರೆ
ಮೊದಲು ಬರುವುದು ಹೊಳಪಲ್ಲ, ಮಸಿ.
ಅಂಗೈ ಕಪ್ಪು, ಮೊಣಕೈ ಕಪ್ಪು, ಮೂಗಿನ ತುದಿಯೂ ಕಪ್ಪು.
ಆಮೇಲೆ ಗೋಧಿಹಿಟ್ಟು ಚೆಲ್ಲಿ ಒರೆಸಬೇಕು,
ಬ್ರೆಡ್ಡಿಗೆ ನಾದುವ ಅದೇ ಹಿಟ್ಟು.
ಹಿಟ್ಟು ಮಸಿಯನ್ನು ಕುಡಿಯುತ್ತದೆ.
ಲೋಹದೊಳಗಿಂದ ನಿನ್ನ ಮುಖ ಎದ್ದು ಬರುತ್ತದೆ.

ವಿಚಿಟಾದ ಈ ಹ್ಯಾಂಗರಿನಲ್ಲಿ, ಮಂಗಳವಾರ, ಗುರುವಾರ,
ನನ್ನ ಪಾಲಿಗೆ ಬಂದದ್ದು ಬಿ-ಇಪ್ಪತ್ತೊಂಬತ್ತರ ಹೊಟ್ಟೆ.
ಗಾಲಿ ಹಲಗೆಯ ಮೇಲೆ ಅಂಗಾತ ಮಲಗಿ
ಬಾಂಬಿನ ಬಾಗಿಲಿನ ಅಂಚಿಂದ ಬಾಲದ ಕಡೆಗೆ
ದಿನಕ್ಕೆ ಎರಡು ಮೊಳ. ಎಂಬತ್ತೊಂಬತ್ತಕ್ಕೆ ಅಷ್ಟೇ ಸಾಧ್ಯ.
ಗ್ಲೆಂಡಾ ಕಾಫಿ ಹಿಡಿದು ಕೂಗುತ್ತಾಳೆ:
"ಓರ್ಲಾಂಡೊ, ಬದುಕಿದ್ದೀಯಾ?"
ಕಾಲು ಅಲ್ಲಾಡಿಸುತ್ತೇನೆ.

ನಾವು ಮೆನೊನೈಟರು, ಕತ್ತಿ ಹಿಡಿಯದ ಒಕ್ಕಲು.
ರಷ್ಯಾ ಬಿಟ್ಟಾಗ ಮುತ್ತಜ್ಜಿ
ಪೆಟ್ಟಿಗೆ ತುಂಬ ತಂದದ್ದು ಕೆಂಪು ಗೋಧಿ,
ಬಿಟ್ಟು ಬಂದದ್ದು ದೊರೆಯ ಸೈನ್ಯ.
ಅಪ್ಪ, ಜೋನಾಸ್ ಶ್ರಾಗ್, ಮೊದಲ ಮಹಾಯುದ್ಧದಲ್ಲಿ
ಸಮವಸ್ತ್ರ ಒಲ್ಲೆನೆಂದು
ಲೆವೆನ್‌ವರ್ತ್ ಜೈಲಿನಲ್ಲಿ ಕಲ್ಲು ಒಡೆದವನು.

ನನಗಾಗ ಎಂಟು. ಆ ವರ್ಷದ ಆಕಾಶ ಪೂರ್ತಿ ಇವುಗಳದ್ದೇ.
ಮೊದಲು ಅಡುಗೆಮನೆಯ ಬಟ್ಟಲು ನಡುಗುತ್ತಿದ್ದವು,
ಆಮೇಲೆ ಕೋಳಿಗಳು ಸುಮ್ಮನಾಗುತ್ತಿದ್ದವು,
ಆಮೇಲೆ ಗೋಧಿಯ ಮೇಲೆ ನೆರಳು,
ನಾಲ್ಕು ಎಂಜಿನ್ನುಗಳ ಒಂದೇ ಉಸಿರು.
ಹಾಲಿನ ಬಕೆಟ್ಟು ಅಲ್ಲೇ ಬಿಟ್ಟು ಓಡುತ್ತಿದ್ದೆ.
ಬಾಲದ ಆ ಎತ್ತರ! ಗಾಜಿನ ಆ ದುಂಡು ಮೂತಿ!
ರೆಕ್ಕೆಯೋ ಎಷ್ಟು ಸಪೂರ,
ಅಷ್ಟು ಭಾರ ಅದನ್ನು ನಂಬಿದ್ದೇ ಸೋಜಿಗ.
ಅಪ್ಪ ತಲೆ ಎತ್ತುತ್ತಿರಲಿಲ್ಲ.
"ಚೆಂದ ಇದೆ ಅಂತ ಹಾವನ್ನ ಮುದ್ದಿಸ್ತಾರೇನೋ?"

ಜೂನಿನ ಒಂದು ಬೆಳಗ್ಗೆ, ಕೊಯ್ಲಿಗೆ ಇನ್ನು ಮೂರೇ ದಿನ,
ಒಂದು ತೀರ ಕೆಳಗೆ ಬಂತು,
ಬಲಗಡೆಯ ಎಂಜಿನ್ನು ಹೊಗೆ ಕಾರುತ್ತ.
ಚಕ್ರ ಇಳಿಯಲಿಲ್ಲ. ಹೊಟ್ಟೆಯ ಮೇಲೇ ಜಾರಿತು
ನಮ್ಮ ನಲವತ್ತು ಎಕರೆಯ ನಡುವೆ
ಬೈತಲೆ ತೆಗೆದ ಹಾಗೆ.

ಓಡಿದ್ದು ನಾನಲ್ಲ, ನನ್ನ ಕಾಲು ನೆಲಕ್ಕೆ ಹೂತಿತ್ತು.
ಓಡಿದ್ದು ಅಪ್ಪ, ಟೋಪಿ ಬಿದ್ದದ್ದೂ ತಿಳಿಯದೆ.
ಗಾಜು ಒಡೆದು ಒಬ್ಬೊಬ್ಬರನ್ನೇ ಎಳೆದ,
ಕರು ಹಾಕುವಾಗ ಹಿಡಿದೆಳೆಯುತ್ತಿದ್ದನಲ್ಲ, ಹಾಗೆ.
ಹನ್ನೊಂದು ಜನ. ಹತ್ತು ಜನ ನಡೆದರು.
ಕೊನೆಯವನು ಅಯೋವಾದ ಹುಡುಗ, ಮರ್ಲಿನ್ ಅಂತ.
ಅಮ್ಮನ ಹಾಸಿಗೆಯ ಮೇಲೆ ಮಲಗಿ
ಗೋಧಿ ಹಾಳಾಯಿತಲ್ಲ ಎಂದು ಕ್ಷಮೆ ಕೇಳಿದ.
ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ.

ಸೈನ್ಯದ ಲಾರಿಗಳು ಬಂದವು, ಬಿಡಿಸಿ ಹೊತ್ತೊಯ್ದವು.
ಪರಿಹಾರದ ಚೆಕ್ಕು ಬಂತು, ಅಪ್ಪ ವಾಪಸು ಕಳಿಸಿದ.
ಆದರೆ ಆ ಮೊದಲ ಸಂಜೆ, ಕಾವಲಿನವನು ಊಟಕ್ಕೆ ಕೂತಾಗ
ನಾನು ಕಂಡೆ: ಅದರ ಪಕ್ಕೆಯ ಮೇಲೆ ಅಂಗೈ ಊರಿ
ಅಪ್ಪ ನಿಂತಿದ್ದ, ಹಸುವಿನ ಜ್ವರ ನೋಡುವವನಂತೆ.
ಬೆರಳು ರಿವೆಟ್ಟಿನ ಸಾಲನ್ನು ಎಣಿಸುತ್ತಿತ್ತು.
ನನ್ನ ಕಂಡು ಕೈ ತೆಗೆದ.
"ಕೆಲಸ ಬಲ್ಲವರ ಕೆಲಸ," ಅಂದ,
ಬೈಗುಳದಂಥ ದನಿಯಲ್ಲಿ.

ಅವನು ಹೋದ ಮೇಲೆ, ಕಣಜ ಕೆಡವುವಾಗ ಸಿಕ್ಕಿತು,
ಇಲಿ ಕೊರೆದ ಮೂಲೆಗೆ ಹೊಡೆದ ಒಂದು ತಗಡು.
ಅಂಗೈಯಗಲ. ಹದಿನಾಲ್ಕು ರಿವೆಟ್ಟು.
ಮೂವತ್ತು ವರ್ಷ ಗೋಧಿ ಕಾದಿತ್ತು.
ಕದ್ದದ್ದೋ, ಉಳುವಾಗ ಎದ್ದದ್ದೋ,
ಕೇಳೋಣವೆಂದರೆ ಅವನಿಲ್ಲ.

ಶಾಲೆಯ ಮಕ್ಕಳು ಬರುತ್ತಾರೆ. ವೇಗ ಎಷ್ಟು, ಬಾಂಬು ಎಷ್ಟು,
ಲೆಕ್ಕವೆಲ್ಲ ಗ್ಲೆಂಡಾಳ ಬಾಯಲ್ಲಿದೆ.
ಹೋದ ವಾರ ಒಬ್ಬಳು ಬಗ್ಗಿ ನನ್ನನ್ನೇ ಕೇಳಿದಳು:
"ಕೆಳಗಿದ್ದವರಿಗೆ ಇದು ಹೀಗೇ ಕಾಣುತ್ತಿತ್ತಾ, ತಾತಾ?"
ಹೌದು ಮಗೂ, ಹೊಟ್ಟೆಯೇ ಕಾಣುತ್ತಿತ್ತು.
ಇಲ್ಲೊಬ್ಬ ಹುಡುಗ ಬಕೆಟ್ಟು ಬಿಟ್ಟು ಇದರತ್ತ ಓಡಿದ.
ಕಡಲಾಚೆ ಇನ್ನೊಬ್ಬ, ಅವನಿಗೂ ಎಂಟೇ ಇರಬಹುದು,
ಎತ್ತ ಓಡಿದನೋ.
ಅಷ್ಟನ್ನೂ ಹೇಳಲಿಲ್ಲ. ಹೌದು ಎಂದೆ, ಅಷ್ಟೇ.

ಒರೆಸಿದ ಹಿಟ್ಟು ಕೋಳಿಗೂ ಬಾರದು.
ಡಬ್ಬಿಗೆ ಸುರಿದು ಮುಚ್ಚಳ ಹಾಕುತ್ತೇನೆ.
ಬಾಲದ ಹತ್ತಿರ ಇನ್ನೂ ಎರಡು ಮೊಳ ಇದೆ,
ಗುರುವಾರಕ್ಕೆ.