ಮುಂದಿನ ಬಳಕೆಗೆ

ಸವಳಂಗ ರಸ್ತೆಯ ಎಲುಬಿನ ಆಸ್ಪತ್ರೆಯವರು
ಹಾರ್ಡ್‌ಡಿಸ್ಕೊಂದನ್ನು ಮಂಡಕ್ಕಿ ಕವರಿನಲ್ಲಿ ಸುತ್ತಿ ಕೊಟ್ಟರು.
ಒಳಗೆ ಆರು ವರ್ಷದ ಎಕ್ಸ್‌ರೇ.
ಯಂತ್ರ ಗುಜರಿಗೆ ಹೋಗಿದೆ, ಅದರ ಕಂಪನಿ ಮುಳುಗಿದೆ,
ಫೈಲುಗಳ ಬಾಲದ ಮೂರಕ್ಷರ
ಲೋಕದ ಯಾವ ಸಾಫ್ಟ್‌ವೇರಿಗೂ ನೆಂಟಸ್ತಿಕೆಯಿಲ್ಲದ್ದು.
“ಓದೋಕಾಗುತ್ತೇನಮ್ಮ?”
ನೋಡೋಣ ಅಂದೆ.
ಎರಡೇ ಫಂಕ್ಷನ್ನಿನ ಪುಟ್ಟ ಮಾಡ್ಯೂಲು: ಓದು, ಬರೆ.
ಬರೆ ಅನ್ನುವುದನ್ನು ಖಾಲಿ ಬಿಟ್ಟು ಓದಿಗೆ ಕೂತೆ.

ಮೊದಲ ನಾಲ್ಕು ಬೈಟಿನಲ್ಲಿ ಫೈಲು ತನ್ನ ಕುಲ ಹೇಳಿಕೊಳ್ಳುತ್ತದೆ.
ಆಮೇಲೆ ಅಗಲ, ಎತ್ತರ,
ರೋಗಿಯ ಹೆಸರು, ವಯಸ್ಸು, ಊರು, ಕೊಟ್ಟ ವೋಲ್ಟು.
ಆಮೇಲೆ ಮೂವತ್ತೆರಡು ಸೊನ್ನೆ.
ಪ್ರತಿ ಫೈಲಿನಲ್ಲೂ ಅದೇ ಜಾಗ, ಅದೇ ಸೊನ್ನೆ,
ಮುಂದಿನ ಬಳಕೆಗೆಂದು ಯಾರೋ ಕಾದಿರಿಸಿದ್ದು:
ಕಿಟಕಿಯಿಂದ ಸೀಟಿಗೆ ಟವೆಲು ಎಸೆದು
ಬಸ್ಸು ಹತ್ತದೇ ಹೋದವನ ಹಾಗೆ.

ಚಿತ್ರ ಬರಲಿಲ್ಲ.
ಕಪ್ಪು ಬಟ್ಟೆಯ ಮೇಲೆ ಮಂಡಕ್ಕಿ ಚೆಲ್ಲಿದಂತೆ ಏನೋ ಬಂತು.
ಮೂರು ರಾತ್ರಿ ಅದೇ ಮಂಡಕ್ಕಿ.

ನಾಲ್ಕನೆಯ ದಿನ ಎಕ್ಸ್‌ರೇ ಕೋಣೆಯ ಗಫಾರ್ ಸಾಬರು
ಹಳೇ ಲಕೋಟೆ ಎಣಿಸುತ್ತಿದ್ದರು, ಗಟ್ಟಿಯಾಗಿ:
ತೇಯೀಸ್, ಚೌಬೀಸ್, ಪಚ್ಚೀಸ್...
ಬಿಡಿ ಮೊದಲು, ಹತ್ತು ಆಮೇಲೆ!
ನಾನು ಇಪ್ಪತ್ತೈದು ಅಂತ ಓದುತ್ತಿದ್ದೆ,
ಯಂತ್ರ ಪಚ್ಚೀಸ್ ಅಂತ ಬರೆದಿತ್ತು.
ಬೈಟುಗಳ ಜೋಡಿ ತಿರುವಿ ಹಾಕಿದೆ.

ಎಲುಬು ಬಂತು,
ತಳ್ಳಿದ ಇಸ್ಪೀಟು ಕಟ್ಟಿನಂತೆ ಸಾಲಿಂದ ಸಾಲಿಗೆ ಜಾರಿಕೊಂಡು.
ಪ್ರತಿ ಸಾಲಿನ ಕೊನೆಗೆ ಎರಡು ಬೈಟು ಸುಮ್ಮನೆ ತುರುಕಿದ್ದರು.
ಅದನ್ನು ದಾಟಿಸಿದೆ, ನೆಟ್ಟಗಾಯಿತು.
ಕಪ್ಪು ಬಿಳುಪು ಅದಲುಬದಲಾಗಿತ್ತು, ಮಗುಚಿದೆ.
ಮೊಣಕೈ. ಗಂಡು, ನಾಲ್ಕು ವರ್ಷ, ಹೊಳೆಹೊನ್ನೂರು.
ಕೀಲಿನ ಹತ್ತಿರ ಕೂದಲೆಳೆಯ ಬಿರುಕು.
ಅಂಚಿನಲ್ಲಿ ಇನ್ನೊಂದು ಕೈ.

ದೊಡ್ಡವರ ಕೈ. ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿದ್ದು.
ಮಣಿಕಟ್ಟಿಗೊಂದು ಕಡಗ,
ಲೋಹವಲ್ಲವೇ, ಎಲುಬಿಗಿಂತ ಬೆಳ್ಳಗೆ.

ಮುಂದಿನ ಫೈಲು ಕುಂಸಿಯ ಹೆಣ್ಣುಮಗುವಿನ ಪಾದ. ಅದೇ ಕಿರುಬೆರಳು.
ಅದರಾಚೆ ಹಸುಗೂಸಿನ ಸೊಂಟ,
ತೊಡೆಗಳನ್ನು ಮೆತ್ತಗೆ ಅಗಲಿಸಿ ಹಿಡಿದ ಎರಡು ಕೈ.
ಎಲ್ಲೆಲ್ಲಿ ಮಗು ಒದ್ದಾಡಿತ್ತೋ
ಅಲ್ಲೆಲ್ಲ ಆ ಕಡಗ.

“ರುಕ್ಲಿಬಾಯಿ,” ಅಂದರು ಗಫಾರ್ ಸಾಬರು, ಪರದೆಯಿಂದ ಕಣ್ಣು ತೆಗೆಯದೆ.
“ಆಯಾ ಇದ್ಲು. ಅವಳು ಹಿಡಿದ್ರೆ ಮಕ್ಕಳು ಅಲ್ಲಾಡ್ತಿರಲಿಲ್ಲ.”
ಕೈಗವಸು?
“ಸೀಸದ್ದು ಒಂದು ಜೊತೆ ಇತ್ತು. ರಾಕ್ಷಸನ ಕೈ ಥರ.
ಹಾಕ್ಕೊಂಡ್ರೆ ಕೂಸು ಹೆದರ್ತವೆ ಅಂತಿದ್ಲು.”
ಈಗೆಲ್ಲಿ?
ಅವರು ಲಕೋಟೆಗಳ ಕಡೆ ತಿರುಗಿದರು.
ಎಣಿಕೆ ಮತ್ತೆ ಒಂದರಿಂದ.

ಕೈ ಗುರುತು ಹಿಡಿಯುವ ಪ್ರೋಗ್ರಾಂ ಬರೆಯಬಹುದಿತ್ತು.
ಬರೆಯಲಿಲ್ಲ.
ಒಂದೊಂದೇ ತೆರೆದು ನೋಡಿದೆ, ಹನ್ನೊಂದು ಸಂಜೆ.
ನಾನೂರ ಹದಿನೆಂಟು.
ರೋಗಿಗೆ ಜಾಗವಿದೆ, ವೋಲ್ಟಿಗೆ ಜಾಗವಿದೆ,
ಹಿಡಿದುಕೊಂಡವರಿಗೆ ಇಲ್ಲ.

ಆಗ ಬರೆ ಫಂಕ್ಷನ್ನು ತೆರೆದೆ.
ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟು ಬೇಕು:
ರ, ಅದಕ್ಕೊಂದು ಕೊಂಬು.
ಕ, ಒತ್ತಿಗೊಂದು ಕೊಂಡಿ, ಲ, ಗುಡಿಸು.
ಬ, ಅದರ ಇಳಿ. ಯ, ಇನ್ನೊಂದು ಗುಡಿಸು.
ಹತ್ತು ಗುರುತು, ಮೂವತ್ತು ಬೈಟು.
ಟವೆಲು ಸರಿಸಿ ಕೂತಳು.
ಪಕ್ಕದಲ್ಲಿ ಎರಡು ಸೊನ್ನೆ ಉಳಿದವು,
ಚೀಲ ಇಟ್ಟುಕೊಳ್ಳುವಷ್ಟು.

ಮಾಡ್ಯೂಲಿನ ಕೊನೆಗೊಂದು ಪರೀಕ್ಷೆ ಇರುತ್ತದೆ:
ಓದು, ಬರೆ, ಮತ್ತೆ ಓದು. ಎರಡೂ ಒಂದೇ ಆಗಿರತಕ್ಕದ್ದು.
ಅದೀಗ ಕೆಂಪು ಅಕ್ಷರದಲ್ಲಿ ತಕರಾರು ತೆಗೆಯುತ್ತದೆ:
ಮೂಲಕ್ಕೂ ಪ್ರತಿಗೂ ವ್ಯತ್ಯಾಸ, ಮೂವತ್ತು ಬೈಟು.

ಇರಲಿ ಅಂದೆ.
ಫೇಲಾದದ್ದನ್ನು ಹಾಗೆಯೇ
ಅದೇ ಮಂಡಕ್ಕಿ ಕವರಿನಲ್ಲಿ ಸುತ್ತಿ ಕೊಟ್ಟುಬಂದೆ.