ಪಾಯದ ಪಕ್ಕ ಎರಡಡಿ

ಮೂವತ್ತು ವರ್ಷ ಬೇರೆಯವರ ಪಾಯ ಕಟ್ಟಿದವನು ನಾನು.
ಕೆಲಸ ಮುಗಿಸಿ ಕರಣೆ ತೊಳೆಯುವಾಗ
ಮನೆಯವರಿಗೆ ಒಂದೇ ಮಾತು ಹೇಳುತ್ತಿದ್ದೆ:
ಗೋಡೆ ಪಕ್ಕ ಮರ ಹಾಕಬೇಡಿ ಸ್ವಾಮಿ,
ಬೇರಿಗೆ ಯಾವ ಮೇಸ್ತ್ರಿಯ ಮುಲಾಜೂ ಇಲ್ಲ.

ಈಗ ಚಿಂತಾಮಣಿಯ ಹೊರಗೆ
ಇಪ್ಪತ್ತು ಮೂವತ್ತರ ಸೈಟಿನಲ್ಲಿ ನನ್ನದೇ ಮನೆ.
ಬಣ್ಣ ಇನ್ನೂ ಒಂದೇ ಕೋಟು.
ರಸ್ತೆ ನಾಳೆ ಎತ್ತರವಾದೀತೆಂದು
ಪಾಯ ಸೊಂಟಮಟ್ಟ ಎಬ್ಬಿಸಿದ್ದೇನೆ.
ಅದಕ್ಕೂ ಕಾಂಪೌಂಡಿಗೂ ನಡುವೆ ಉಳಿದದ್ದು ಎರಡಡಿ ಮಣ್ಣು.
ಮಣ್ಣೆಂದರೆ ಮಣ್ಣಲ್ಲ: ಜಲ್ಲಿ, ಇಟ್ಟಿಗೆ ಪುಡಿ,
ಗಟ್ಟಿಯಾದ ಸಿಮೆಂಟಿನ ಉಂಡೆ,
ಯಾವನೋ ಗಾರೆಯವನ ಒಂಟಿ ಚಪ್ಪಲಿ.
ಗಂಗುಲಮ್ಮ ಮೂರು ದಿನ ಕೂತು
ಅಕ್ಕಿ ಹಸನು ಮಾಡಿದ ಹಾಗೆ ಅದನ್ನೆಲ್ಲ ಆರಿಸಿದಳು.
ಅರ್ಧ ಟ್ರಾಕ್ಟರ್ ಕೆರೆಗೋಡು, ನಾಲ್ಕು ಮಂಕರಿ ಕುರಿಗೊಬ್ಬರ.

ಮಾಡಿಕೆರೆ ಕ್ರಾಸಿನ ನರ್ಸರಿಯಲ್ಲಿ ಬಾಬಾಜಾನ್
ಹೊಸಮನೆ ಎಂದ ಕೂಡಲೇ ಅಶೋಕ ತೋರಿಸಿದ.
'ಎರಡೇ ವರ್ಷ ಅಣ್ಣ, ತಾರಸಿ ಮುಟ್ಟುತ್ತೆ.'
ಅದಕ್ಕೇ ಬೇಡ ಎಂದೆ.
ಕರಿಬೇವು? ಒಂದು ನೆಟ್ಟರೆ ಹತ್ತು ಕಡೆ ಏಳುತ್ತೆ,
ಬೇರು ಸಂಪಿನೊಳಗೂ ಇಣುಕುತ್ತೆ.
ನುಗ್ಗೆ? ಗಾಳಿ ಬಂದ ರಾತ್ರಿ
ಕೇಳದೆ ಪಕ್ಕದ ಮನೆಯ ಶೀಟಿನ ಮೇಲೆ ಮಲಗುತ್ತೆ.

ನನ್ನ ಮನಸ್ಸಲ್ಲಿ ಇದ್ದದ್ದು ದಾಸವಾಳ.
ತಳದಿಂದಲೇ ಕೊಂಬೆಯೊಡೆದು, ಎದೆಮಟ್ಟ ಹಬ್ಬಿ
ಗೋಡೆಯ ಬುಡ ಕಾಣದಂತೆ ನಿಲ್ಲುವ ಗಿಡ.
ಬುಡ ಕಾಣಬಾರದು.

ನನ್ನ ಪಾಯದಲ್ಲಿ ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ.
ಲೋಡು ಇಳಿಸಿಕೊಂಡು ಕಟ್ಟಿದ್ದಲ್ಲ ಅದು.
ಮುಗಿದ ಮನೆಗಳಲ್ಲಿ ಉಳಿದದ್ದು, ಬಿರುಕು ಬಿಟ್ಟದ್ದು,
ಮೂಲೆ ಹಾರಿದ್ದು,
'ತಗೊಂಡು ಹೋಗಯ್ಯ' ಎಂದು ಕೊಟ್ಟದ್ದು,
ಒಂದು ಮಾತ್ರ, ಯಾರೂ ಹಾಗೆ ಅನ್ನದೆ ಬಂದದ್ದು.
ಕೆಂಪು, ಬೂದಿ, ಕರಿಚುಕ್ಕೆ,
ಉಳಿ ಕಂಡದ್ದು, ಕಾಣದ್ದು.
ದಾರ ಹಿಡಿದು ಊರವರ ಕಲ್ಲು ಕೂಡಿಸಿದ ಕೈ ಇದು;
ಇನ್ನೊಬ್ಬ ಮೇಸ್ತ್ರಿ ಬಂದು ನನ್ನ ಗೋಡೆ ನೋಡಿದರೆ
ಕಾಫಿ ಲೋಟ ಕೈಗೆ ಬರುವ ಮೊದಲೇ ನಕ್ಕಾನು.

ಗಂಗುಲಮ್ಮ ದಾಸವಾಳದ ಕಡೆ ತಿರುಗಲೂ ಇಲ್ಲ.
ಕನಕಾಂಬರ ಹತ್ತು,
ಪಡುವಣ ಬಿಸಿಲು ತಡೆಯುವ ಕಾಶಿಕಣಗಿಲೆ ಆರು,
ಬಚ್ಚಲ ನೀರು ಹರಿಯುವಲ್ಲಿಗೆ ನಾಲ್ಕು ಗಡ್ಡೆ ಕೆಸ.
ಒಂದೂ ಮೊಣಕಾಲು ದಾಟುವುದಿಲ್ಲ.
ಇಷ್ಟೆತ್ತರದ್ದು ಏನು ಮುಚ್ಚುತ್ತೆ? ಎಂದೆ.
'ಏನು ಮುಚ್ಚಬೇಕಿತ್ತು?'

ನೆಡುವ ದಿನ ಗೋಡೆಯಿಂದ ಒಂದಡಿ ಬಿಟ್ಟು
ಗೇಣಲ್ಲಿ ಅಳೆದು, ಗುಂಡಿ ತೋಡುತ್ತ
ಕಲ್ಲುಗಳ ಊರು ಹೇಳುತ್ತ ಹೋದಳು.
ಇದು ಶಿಡ್ಲಘಟ್ಟದ ರೀಲರ್ ಮನೇದು,
ಕುಡಿಯೋ ನೀರಿಗೂ ಲೆಕ್ಕ ಇಟ್ಟಿದ್ದರು.
ಇದು ಕಡ್ಲೆಕಾಯಿ ಮಿಲ್ಲಿಂದು, ಮುಟ್ಟಿ ನೋಡು, ಇನ್ನೂ ಜಿಡ್ಡು.
ಈ ಕೆಂಪಂದು ಶ್ರೀನಿವಾಸಪುರದ ಮಾವಿನ ಮಂಡಿ;
ಇದು ತಂದ ದಿನ ಪದ್ಮ ಹೊಟ್ಟೇಲಿ ಐದು ತಿಂಗಳು,
ಟ್ರಾಕ್ಟರ್‌ನಲ್ಲಿ ಕಲ್ಲು ಅಲ್ಲಾಡದ ಹಾಗೆ
ಕಾಲು ಒತ್ತಿ ಕೂತಿದ್ದೆ.
ಬಾಂಡ್ಲಿ ಗಾರೆ ಹೊತ್ತವಳಿಗೆ ಇಷ್ಟೆಲ್ಲ ನೆನಪಿರುತ್ತದೆಂದು
ನನಗೆ ಗೊತ್ತಿರಲಿಲ್ಲ.
ನನಗೆ ನೆನಪಿದ್ದದ್ದು ಅಳತೆ, ಕೂಲಿ, ಬಾಕಿ.

ಇದು? ಎಂದೆ, ಈಶಾನ್ಯದ ಮೂಲೆಗಲ್ಲು ತೋರಿಸಿ.
ಸುಮ್ಮನೆ ಕೇಳಿದವನ ಹಾಗೆ ಕೇಳಿದೆ.
ಅವಳು ಕಲ್ಲು ನೋಡಿದಳು, ನನ್ನನ್ನು ನೋಡಿದಳು,
ಸೆರಗಲ್ಲಿ ಕೈಯ ಮಣ್ಣು ಒರೆಸಿಕೊಂಡಳು.
'ಬೇಕಾದರೆ ಅದರ ಮುಂದೆ ಒಂದು ದಾಸವಾಳ ಹಾಕು.'

ಮಾರನೇ ದಿನ ಒಬ್ಬನೇ ಹೋಗಿ ತಂದೆ.
ಯಾವ ಬಣ್ಣ ಅಣ್ಣ? ಎಂದ ಬಾಬಾಜಾನ್.
ಬೇಗ ಬೆಳೆಯೋದು ಎಂದೆ.

ಇನ್ನೂ ಗೇಣುದ್ದ ಇದೆ. ಎರಡು ಚಿಗುರು ಮೇಕೆ ತಿಂದಿತು.
ಕನಕಾಂಬರ ಆಗಲೇ ಮೊಗ್ಗು, ಅವಳ ಕಡೆಯದು.
ನನ್ನ ಮೂಲೆಗೆ ದಿನಾ ಬೆಳಿಗ್ಗೆ
ನಾನೇ ಚೊಂಬಲ್ಲಿ ನೀರು ಹೊಯ್ಯುತ್ತೇನೆ.
ನೀರು ಬಿದ್ದಾಗ ಕಲ್ಲು ಇನ್ನಷ್ಟು ಕಪ್ಪಾಗಿ
ಚೆನ್ನಾಗಿಯೇ ಕಾಣುತ್ತದೆ.