ನೀ

ಅಮ್ಮತ್ತಿಯ ಕಾಫಿ ಕ್ಯೂರಿಂಗ್ ಕಣದ ಲೆಕ್ಕದ ಕೋಣೆಯಲ್ಲಿ
ಚೀಟಿ ಬರೆಯುತ್ತಿದ್ದೆ ನಾನು. ನೀನು ಹಡಗಿನ ಅಡುಗೆಯವನು,
ರಜೆಗೆ ಬಂದವನು. ಹ್ಯಾಂಬರ್ಗಿನಲ್ಲಿ ಕೊಂಡದ್ದೆಂದು
ಕ್ಯಾಸೆಟ್ಟೊಂದನ್ನು ತೂಕದ ಪುಸ್ತಕದ ಮೇಲಿಟ್ಟೆ.
ಅರ್ಥ? ಎಂದೆ ನಾನು.
ಮುಂದಿನ ಸಲ, ಎಂದೆ ನೀನು.

ಮುಂದಿನ ಸಲಕ್ಕೆ ಬಂದದ್ದು ಮದುವೆ ಕಾಗದ,
ಮಂಗಳೂರಿನ ಛತ್ರದ್ದು.

ಬೂಷ್ಟು ಹಿಡಿಯದಿರಲೆಂದು ಅದನ್ನು
ಒಲೆಯ ಮೇಲಿನ ಅಟ್ಟದಲ್ಲಿ, ಒಣಮೀನಿನ ಡಬ್ಬಿಯ ಪಕ್ಕ ಇಟ್ಟೆ.
ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ತಿರುಗಿಸಿದೆ,
ಮೂವತ್ತೊಂದು ವರ್ಷ.
ಭಾಷೆ ತಿಳಿಯದು. ಆದರೆ ಪಿಯಾನೊ ನಿಂತು,
ಅವನು ಉಸಿರೆಳೆದುಕೊಂಡು ಹಾಡುವ ಕಡೆ
ಒಂದು ಮಾತು ಮಾತ್ರ ನನಗೂ ಗೊತ್ತಿದ್ದದ್ದು:
ನೀ. ನೀ. ಮತ್ತೆ ನೀ.
ಅಷ್ಟು ದೂರದವನಿಗೂ ತಿಳಿಯಿತಲ್ಲ ಎಂದು
ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೇನೆ, ಎಷ್ಟೋ ಸಲ.

ಈ ಮಾರ್ಚಿನಲ್ಲಿ, ಕಾಫಿ ಹೂ ಬಿಟ್ಟ ವಾರ,
ಚೋಂದಮ್ಮನ ಹೋಂಸ್ಟೇಗೆ ಬಂದ ಜರ್ಮನ್ ಹುಡುಗಿ
ನಮ್ಮ ಜಗಲಿಯಲ್ಲಿ ಕಡಂಬುಟ್ಟು ಮುರಿಯುತ್ತಾ ಕೇಳಿದಳು, ನಕ್ಕಳು:
ಅವಳಜ್ಜಿ ಇಸ್ತ್ರಿ ಹಾಕುವಾಗ ಇಂಥದ್ದೇ ಕೇಳುತ್ತಿದ್ದಳಂತೆ,
ಸಕ್ಕರೆ ಜಾಸ್ತಿಯಂತೆ.
'ನೀ' ಅಂದರೆ? 'ಎಂದೂ ಇಲ್ಲ'.
ಎಂದೂ ಮರಳಿ ಬರುವುದಿಲ್ಲ, ಅಷ್ಟೇ, ಎಂದು
ಬೆರಳಿಗಂಟಿದ ಸಾರು ನೆಕ್ಕಿದಳು.

ಹೌದಾ, ಎಂದೆ. ಇನ್ನೆರಡು ಬಡಿಸಿದೆ.

ರಾತ್ರಿ ಮತ್ತೆ ಹಾಕಿದೆ.
'ಎಂದೂ ಇಲ್ಲ' ಎಂದು ಕೇಳಿಸಿಕೊಳ್ಳಲೆಂದೇ ಕೂತೆ,
ಹೂವಿನ ವಾಸನೆಗೆ ತಲೆ ಸುತ್ತುತ್ತಿತ್ತು.
ಪಿಯಾನೊ ನಿಂತಿತು. ಅವನು ಉಸಿರೆಳೆದುಕೊಂಡ.
ಏನು ಮಾಡಲಿ,
ನನ್ನ ಕಿವಿ ಅಮ್ಮತ್ತಿಯದು.